ನಿಮಗೆ ಏನು ಬರುತ್ತೆ?

ಅಕ್ಕನ ಮಗಳು ಹೋದ ತಿಂಗಳು ಫೋನ್ ಮಾಡಿದ್ದಳು. ಫಾರ್ಮಸಿ ಓದುತ್ತಿದ್ದಾಳೆ, ಇದು ಕೊನೆಯ ವರ್ಷ. ಪರೀಕ್ಷೆ, ನಿದ್ದೆ, ಅಮ್ಮನ ಮಂಡಿನೋವು ಎಲ್ಲ ಮಾತಾಡಿ ಆಯಿತು. ಆದರೂ ಫೋನ್ ಇಡಲಿಲ್ಲ. ಇನ್ನೂ ಏನೋ ಕೇಳುವುದಿದೆ ಅಂತ ನನಗೆ ಗೊತ್ತಾಯಿತು.

“ಚಿಕ್ಕಮ್ಮ, ಯುದ್ಧ, ಭೂಕಂಪ ಆದ ಕಡೆ ಹೋಗಿ ಕೆಲಸ ಮಾಡ್ಬೇಕು ಅಂತ ಆಸೆ. ನೀವು ಮಾಡಿದ್ರಲ್ಲ, ಹಾಗೆ. ಅದಕ್ಕೆ ಯಾವ ಕೋರ್ಸ್ ಮಾಡ್ಬೇಕು?”

“ನಿನಗೆ ಏನು ಬರುತ್ತೆ, ಅದನ್ನ ಮೊದಲು ಹೇಳು” ಅಂದೆ.

ಅವಳ ದನಿ ಸಣ್ಣದಾಯಿತು. “ನಾನು ಡಾಕ್ಟರ್ ಅಲ್ವಲ್ಲ ಚಿಕ್ಕಮ್ಮ. ಮಾತ್ರೆ ಎಣಿಸೋದು ಬರುತ್ತೆ ಅಷ್ಟೇ” ಅಂದಳು.

ಆ ಮಾತು ಕಿವಿಯಲ್ಲೇ ಉಳಿಯಿತು. ಫೋನಿನಲ್ಲಿ ಅರ್ಧ ಗಂಟೆ ಏನೇನೋ ಹೇಳಿದೆ. ಆದರೆ ಹೇಳಬೇಕಾದ್ದನ್ನು ಸರಿಯಾಗಿ ಹೇಳಲಿಲ್ಲ ಅನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೂ, ಅವಳ ಹಾಗೆ ಆಸೆ ಇಟ್ಟುಕೊಂಡಿರುವ ಬೇರೆಯವರಿಗೂ.

ನಾನು ಅವಳಿಗೆ ಕೇಳಿದ ಪ್ರಶ್ನೆ ನನ್ನದಲ್ಲ. ನನಗೂ ಒಬ್ಬರು ಕೇಳಿದ್ದರು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ನಾನು ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಕೆಲವೇ ತಿಂಗಳಾಗಿತ್ತು. ಹಿಂದೂ ಮಹಾಸಾಗರದ ಸುತ್ತ 2 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಟಿವಿ ಮುಂದೆ ಕೂತು ನೋಡಲು ಆಗಲಿಲ್ಲ. ಸಿಕ್ಕಿದ ಸಂಸ್ಥೆಗಳಿಗೆಲ್ಲ ಪತ್ರ ಬರೆದೆ. ಎಲ್ಲದರಲ್ಲೂ ಒಂದೇ ಸಾಲು: ಏನು ಕೆಲಸ ಕೊಟ್ಟರೂ ಮಾಡುತ್ತೇನೆ. ಒಂದೇ ಒಂದು ಕಡೆಯಿಂದ ಕರೆ ಬಂತು. ಆ ಕಡೆ ಮಾತಾಡಿದವರು ವಯಸ್ಸಾದ ಹೆಂಗಸು. ಮೆತ್ತಗೆ ಹೇಳಿದರು. “ಏನು ಕೊಟ್ಟರೂ ಮಾಡ್ತೀನಿ ಅನ್ನೋರಿಗೆ ಕೊಡೋಕೆ ನಮ್ಮ ಹತ್ತಿರ ಕೆಲಸ ಇಲ್ಲಮ್ಮ. ನಿಮಗೆ ಏನು ಬರುತ್ತೆ, ಅದನ್ನ ಹೇಳಿ.”

ನನಗೆ ಹೇಳಲು ಏನೂ ಇರಲಿಲ್ಲ. ಆ ದಿನ ತುಂಬ ನೋವಾಯಿತು. ಒಳ್ಳೆಯ ಮನಸ್ಸಿಟ್ಟುಕೊಂಡು ಹೋದವಳನ್ನು ಬಾಗಿಲಲ್ಲೇ ನಿಲ್ಲಿಸಿದರು ಅನಿಸಿತ್ತು. ಅವರು ಯಾಕೆ ಹಾಗೆ ಕೇಳಿದರು ಅಂತ ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು.

ಮಾತ್ರೆಯ ವಿಷಯದಿಂದಲೇ ಶುರು ಮಾಡುತ್ತೇನೆ.

1988ರ ಡಿಸೆಂಬರ್ 7ರಂದು ಅರ್ಮೇನಿಯಾದಲ್ಲಿ ಭೂಕಂಪ ಆಯಿತು. ಜಗತ್ತು ಮರುಗಿತು. ವಿಮಾನಗಟ್ಟಲೆ ಔಷಧಿ ಬಂತು, ಸುಮಾರು 5,000 ಟನ್. ಅದರಲ್ಲಿ ಏನೇನಿದೆ ಅಂತ ತಿಳಿಯಲು 50 ಜನರಿಗೆ 6 ತಿಂಗಳು ಹಿಡಿಯಿತು. ಬಂದದ್ದರಲ್ಲಿ ನೂರಕ್ಕೆ 30ರಷ್ಟು ಮಾತ್ರ ಆ ಹೊತ್ತಿಗೆ ಉಪಯೋಗಕ್ಕೆ ಬರುವಂಥದ್ದು. ಉಳಿದದ್ದರಲ್ಲಿ ಬೇಡದ್ದಿತ್ತು, ಅವಧಿ ಮುಗಿದದ್ದಿತ್ತು, ಯಾವುದು ಏನು ಅಂತ ಗುರುತೇ ಸಿಗದ್ದಿತ್ತು. ಆ 6 ತಿಂಗಳಲ್ಲಿ ಗಾಯಾಳುಗಳು ಕಾಯುತ್ತಾ ಕೂರಲು ಆಗುತ್ತದೆಯೇ? ಪೆಟ್ಟಿಗೆ ಕಳಿಸಿದ ಒಬ್ಬೊಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದು. ಆದರೆ ಬೇಕಾದ ಮಾತ್ರೆ ಬೇಡದ ಪೆಟ್ಟಿಗೆಗಳ ಅಡಿಯಲ್ಲಿ ಸಿಕ್ಕಿಕೊಂಡಿತು.

ಬೋಸ್ನಿಯಾ ಯುದ್ಧದಲ್ಲೂ ಹೀಗೇ ಆಯಿತು. ಅಲ್ಲಿ ಉಪಯೋಗಕ್ಕೆ ಬಾರದ ಔಷಧಿಯ ಲೆಕ್ಕ ಸುಮಾರು 17,000 ಟನ್‌ವರೆಗೆ ಹೋಯಿತು. 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧಿ ದಾನಕ್ಕೆ ಮಾರ್ಗಸೂಚಿ ತಂದಿತು. ಪಡೆಯುವ ದೇಶ ಕೇಳಿದ್ದನ್ನೇ ಕಳಿಸಬೇಕು. ತಲುಪುವ ಹೊತ್ತಿಗೆ ಸಾಮಾನ್ಯವಾಗಿ ಇನ್ನೂ ಒಂದು ವರ್ಷ ಬಾಳಿಕೆ ಇರಬೇಕು. ಅಲ್ಲಿನ ಆರೋಗ್ಯ ಸಿಬ್ಬಂದಿಗೆ ಅರ್ಥವಾಗುವ ಭಾಷೆಯಲ್ಲಿ ಲೇಬಲ್ ಇರಬೇಕು. ಇಷ್ಟು ಸರಳ ಮಾತು. ಆದರೂ 2004ರ ಸುನಾಮಿ ಆದ ಮೇಲೆ ಇಂಡೊನೇಷ್ಯಾದಲ್ಲಿ ‘ಆಚೆ’ ಅನ್ನುವ ಹೆಸರಿನ ಪ್ರಾಂತ್ಯಕ್ಕೆ ಮತ್ತೆ ಸುಮಾರು 4,000 ಟನ್ ಔಷಧಿ ಬಂದು ಬಿತ್ತು. ಬಹುಪಾಲು ಪೆಟ್ಟಿಗೆಗಳ ಮೇಲೆ ಇದ್ದದ್ದು ಅಲ್ಲಿನವರು ಓದಲಾಗದ ಭಾಷೆ.

ಇಂಥ ಕಡೆ ಮೊದಲ ದಿನ ಯಾರು ಬೇಕು? ಎಕ್ಸ್‌ಪೈರಿ ನೋಡಿ ಬೇರ್ಪಡಿಸುವವರು ಬೇಕು. ಒಂದೇ ಔಷಧಿಗೆ ಬೇರೆ ಬೇರೆ ಕಂಪನಿಯ ಹತ್ತು ಹೆಸರಿದ್ದರೂ ಗುರುತಿಸುವವರು ಬೇಕು. ಯಾವುದನ್ನು ತಂಪಿನಲ್ಲಿಡಬೇಕು, ಯಾವುದನ್ನು ಬೀಗ ಹಾಕಿಡಬೇಕು ಅಂತ ಗೊತ್ತಿರುವವರು ಬೇಕು. ಇವತ್ತು ಬಂದದ್ದೆಷ್ಟು, ಹೋದದ್ದೆಷ್ಟು, ಇನ್ನೆಷ್ಟು ದಿನಕ್ಕೆ ಸಾಲುತ್ತದೆ ಅಂತ ಸ್ಟಾಕ್ ಕಾರ್ಡಿನಲ್ಲಿ ಬರೆದಿಡುವವರು ಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬೇರೆ ಸಂಸ್ಥೆಗಳು ಸೇರಿ ರೂಪಿಸಿದ ತುರ್ತು ಆರೋಗ್ಯ ಕಿಟ್ ಒಂದಿದೆ. 10,000 ಜನರಿಗೆ 3 ತಿಂಗಳಿಗೆ ಆಗುವಷ್ಟು ಔಷಧಿ, ಉಪಕರಣ ಅದರಲ್ಲಿ ಇರುತ್ತದೆ. ಆ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಯಾರೋ ಫಾರ್ಮಸಿ ಗೊತ್ತಿದ್ದವರು ಕೂತು ಲೆಕ್ಕ ಹಾಕಿದ್ದಾರೆ. ಮಾತ್ರೆ ಎಣಿಸುವುದು ಸಣ್ಣ ಕೆಲಸ ಅಂದುಕೊಂಡಿದ್ದೀಯಲ್ಲ ಪುಟ್ಟಿ, ಆ 50 ಜನರಲ್ಲಿ ನಿನ್ನಂಥವರು ಇನ್ನಷ್ಟು ಇದ್ದಿದ್ದರೆ 6 ತಿಂಗಳು ಹಿಡಿಯುತ್ತಿತ್ತಾ?

ಇನ್ನೊಂದು ಕಥೆ ಹೇಳಬೇಕು. ಇದು ನೆನಪಾದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯ. ಗಡಿಯ ಈಚೆ, ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ನಿರಾಶ್ರಿತರು ತುಂಬಿದ್ದರು. ಕಾಲರಾ ಹರಡಿತ್ತು. ಡ್ರಿಪ್ ಬಾಟಲಿಗಳು ಖಾಲಿಯಾಗುತ್ತಾ ಬಂದವು. ಡಾಕ್ಟರ್ ದಿಲೀಪ್ ಮಹಲನೊಬಿಸ್ ಒಂದು ಧೈರ್ಯದ ತೀರ್ಮಾನ ಮಾಡಿದರು. ಗ್ಲೂಕೋಸ್, ಉಪ್ಪು, ಅಡಿಗೆ ಸೋಡ ಅಳತೆ ಪ್ರಕಾರ ಬೆರೆಸಿ ಪೊಟ್ಟಣ ಕಟ್ಟಿಸಿದರು. ಡ್ರಮ್‌ಗಳಲ್ಲಿ ನೀರಿಗೆ ಕಲಸಿಟ್ಟರು. ರೋಗಿಗಳ ಅಮ್ಮ, ಅಣ್ಣ, ಗಂಡ, ಹೆಂಡತಿ ಲೋಟದಲ್ಲಿ ತುಂಬಿ ತಂದು ಕುಡಿಸಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 3.6ಕ್ಕೆ ಇಳಿಯಿತು.

ಅಲ್ಲಿಂದ 23 ವರ್ಷ ಮುಂದೆ ಬನ್ನಿ. 1994ರ ಜುಲೈ. ರುವಾಂಡದ ನರಮೇಧದ ನಂತರ ಲಕ್ಷಾಂತರ ಜನ ಕೆಲವೇ ದಿನಗಳಲ್ಲಿ ಗಡಿ ದಾಟಿ ಈಗಿನ ಕಾಂಗೋ ದೇಶದ ಗೋಮಾ ಪಟ್ಟಣದ ಸುತ್ತ ಬಂದು ಸೇರಿದರು. ಅಲ್ಲಿನ ನೆಲ ಜ್ವಾಲಾಮುಖಿಯ ಕಲ್ಲು. ಪಾಯಿಖಾನೆಗೆ ಗುಂಡಿ ತೋಡಲು ಆಗದು, ಸಮಾಧಿಗೂ ಆಗದು. ಕಾಲರಾ, ಅದರ ಬೆನ್ನಿಗೇ ರಕ್ತಭೇದಿ. ಮೊದಲ ಒಂದು ತಿಂಗಳಲ್ಲೇ ಹತ್ತಿರ ಹತ್ತಿರ 50,000 ಜನ ಸತ್ತರು. ಜಗತ್ತಿನ ಎಲ್ಲ ಕಡೆಯಿಂದ ನೆರವಿನ ಸಂಸ್ಥೆಗಳು ಬಂದಿದ್ದವು. ಆಮೇಲೆ ಬಾಂಗ್ಲಾದೇಶದ ಕಾಲರಾ ತಜ್ಞರು ಅಲ್ಲಿ ಕೆಲಸ ಮಾಡಿ, ಯಾಕೆ ಹೀಗಾಯಿತು ಅಂತ ಬರೆದರು. ರೋಗಿಗಳಿಗೆ ನೀರಿನಂಶ ತುಂಬಿಸಿದ್ದು ತುಂಬ ನಿಧಾನ ಆಯಿತು. ಬನ್‌ಗಾಂವ್‌ನಲ್ಲಿ ಕುಡಿಸಿದಂಥ ಓಆರ್‌ಎಸ್ ದ್ರಾವಣ ಸಾಕಷ್ಟು ಬಳಸಲಿಲ್ಲ. ಡ್ರಿಪ್‌ನಲ್ಲಿ ಕೊಟ್ಟ ದ್ರಾವಣವೇ ಕೆಲವು ಕಡೆ ಸರಿ ಇರಲಿಲ್ಲ. ಚಿಕಿತ್ಸೆ ಕೊಟ್ಟ ಎಷ್ಟೋ ಜನರಿಗೆ ತೀವ್ರ ಕಾಲರಾ ನೋಡಿದ ಅನುಭವವೇ ಇರಲಿಲ್ಲ.

ಮದ್ದು ಗೊತ್ತಿತ್ತು. 23 ವರ್ಷದಿಂದ ಗೊತ್ತಿತ್ತು. ಅದನ್ನು ಮಾಡಿ ಗೊತ್ತಿರುವ ಕೈಗಳು ಆ ದಿನ ಅಲ್ಲಿ ಸಾಕಷ್ಟು ಇರಲಿಲ್ಲ.

ನನಗೆ ಆ ಹೆಂಗಸಿನ ಪ್ರಶ್ನೆ ಅರ್ಥವಾದದ್ದು ಇದನ್ನು ಓದಿದ ರಾತ್ರಿ. ಏನೂ ಬಾರದ ನಾನು ಅಲ್ಲಿಗೆ ಹೋಗಿದ್ದರೆ ಒಂದು ಡೇರೆ, ಒಂದು ಊಟ, ವಾಹನದಲ್ಲಿ ಒಂದು ಸೀಟು ನನಗೇ ಬೇಕಾಗುತ್ತಿತ್ತು. ಅದು ಯಾರ ಪಾಲಿನದ್ದು?

ಗೋಮಾದ ನಂತರ ನೆರವಿನ ಸಂಸ್ಥೆಗಳು ತಮ್ಮನ್ನೇ ಪ್ರಶ್ನೆ ಮಾಡಿಕೊಂಡವು. ರೆಡ್‌ಕ್ರಾಸ್ ಮತ್ತು ಹಲವು ಸ್ವಯಂಸೇವಾ ಸಂಸ್ಥೆಗಳು ಸೇರಿ 1997ರಲ್ಲಿ ಸ್ಫಿಯರ್ ಅನ್ನುವ ಕೆಲಸ ಶುರು ಮಾಡಿದವು. ಒಬ್ಬ ಮನುಷ್ಯ ಮರ್ಯಾದೆಯಿಂದ ಬದುಕಲು ಕಡಿಮೆ ಎಂದರೆ ಏನು ಬೇಕು ಅಂತ ಒಂದು ಕೈಪಿಡಿಯಲ್ಲಿ ಬರೆದಿಟ್ಟರು. ದಿನಕ್ಕೆ ತಲಾ 15 ಲೀಟರ್ ನೀರು. ಒಂದು ನಲ್ಲಿಗೆ 250 ಜನ. ನೀರಿಗೆ ಹೋಗಲು 500 ಮೀಟರಿಗಿಂತ ದೂರ ಇರಬಾರದು. ಮೊದಲ ದಿನಗಳಲ್ಲಿ 50 ಜನರಿಗೆ ಒಂದು ಪಾಯಿಖಾನೆ, ಆಮೇಲೆ 20 ಜನರಿಗೆ ಒಂದು. ತಲೆಯ ಮೇಲೆ ಸೂರಿರುವ ಜಾಗ ತಲಾ 3.5 ಚದರ ಮೀಟರ್. ಈ ಕ್ಷೇತ್ರಕ್ಕೆ ಬರಬೇಕು ಅನ್ನುವವರು ಯಾವ ಕೋರ್ಸಿಗೆ ದುಡ್ಡು ಕಟ್ಟುವ ಮೊದಲೂ ಆ ಕೈಪಿಡಿ ಓದಬೇಕು ಅಂತ ನಾನು ಹೇಳುತ್ತೇನೆ. ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ನಾನು ಮೂರು ವರ್ಷ ಕುಡಿಯುವ ನೀರಿನ ಯೋಜನೆಗಳಲ್ಲಿ ಕೆಲಸ ಮಾಡಿದೆ. ಪಂಪ್ ಬಿಚ್ಚಿ ಜೋಡಿಸುವುದು, ಪೈಪ್ ಸೋರಿದರೆ ಎಲ್ಲಿ ಅಂತ ಹುಡುಕುವುದು, ಆಲಂ (ಪಟಿಕ) ಎಷ್ಟು ಹಾಕಿದರೆ ಕೆಸರು ತಳಕ್ಕೆ ಕೂರುತ್ತದೆ ಅಂತ ನೋಡುವುದು, ಕ್ಲೋರಿನ್ ಅಳೆಯುವುದು. ನಂತರ ತುರ್ತು ನೆರವಿನ ಎಂಜಿನಿಯರುಗಳಿಗೇ ಇರುವ ತರಬೇತಿ ತೆಗೆದುಕೊಂಡೆ. ರೆಡ್‌ಆರ್ ಅಂತ ಒಂದು ಸಂಸ್ಥೆ ಇದೆ, 1980ರಲ್ಲಿ ಬ್ರಿಟನ್ನಿನಲ್ಲಿ ಶುರುವಾದದ್ದು. ಪೀಟರ್ ಗತ್ರಿ ಅನ್ನುವ ಎಂಜಿನಿಯರ್ ಮಲೇಷ್ಯಾದ ವಿಯೆಟ್ನಾಂ ನಿರಾಶ್ರಿತರ ನಡುವೆ ಕೆಲಸ ಮಾಡಿ ಬಂದವರು. ಕೆಲಸ ಬಲ್ಲ ಎಂಜಿನಿಯರುಗಳ ಪಟ್ಟಿ ಮೊದಲೇ ಸಿದ್ಧ ಇದ್ದರೆ ಕರೆದ ಕೂಡಲೇ ಕಳಿಸಬಹುದು ಅಂತ ಅವರಿಗೆ ಹೊಳೆಯಿತು. ನಮ್ಮಂಥವರಿಗೆ ಇದೊಂದು ದೊಡ್ಡ ದಾರಿ ತೋರಿಸಿತು.

ಹೀಗೆ ಕೈಯಲ್ಲಿ ಕೆಲಸವೂ ಪ್ರಮಾಣಪತ್ರವೂ ಎರಡೂ ಇಟ್ಟುಕೊಂಡು ನಾನು ಮೊದಲ ಶಿಬಿರಕ್ಕೆ ಹೋದೆ. ಅಲ್ಲಿ ನಡೆದದ್ದನ್ನು ಅಕ್ಕನ ಮಗಳಿಗೆ ಇಲ್ಲಿವರೆಗೆ ಹೇಳಿರಲಿಲ್ಲ.

ಕ್ಲೋರಿನ್ ಅಳೆಯುವುದು ಸುಲಭ. ಸಣ್ಣ ಕೊಳವೆಯಲ್ಲಿ ನೀರು ಹಿಡಿದು ಒಂದು ಮಾತ್ರೆ ಹಾಕಿ ಕರಗಿಸಬೇಕು. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಎಷ್ಟು ಗಾಢವೋ ಅಷ್ಟು ಕ್ಲೋರಿನ್. ನಲ್ಲಿಯಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಇರಬೇಕು ಅಂತ ನಿಯಮ. ನಾನು ದಿನಾ ಬೆಳಿಗ್ಗೆ ಎಲ್ಲ ನಲ್ಲಿಗಳನ್ನೂ ನೋಡುತ್ತಿದ್ದೆ. ಎಲ್ಲ ಕಡೆ ಗುಲಾಬಿ. ವರದಿ ಬರೆದು ಕಳಿಸುತ್ತಿದ್ದೆ. ಆದರೂ ಮಕ್ಕಳ ಭೇದಿ ನಿಲ್ಲಲಿಲ್ಲ. ಆಸ್ಪತ್ರೆ ಡೇರೆಯವರು ನನ್ನನ್ನು ಕೇಳಿದರೆ ನನ್ನ ಪುಸ್ತಕ ತೋರಿಸುತ್ತಿದ್ದೆ. ನೀರು ಸರಿ ಇದೆ, ಬೇರೆ ಏನೋ ಕಾರಣ ಅನ್ನುತ್ತಿದ್ದೆ.

ನಮ್ಮ ಪಂಪ್ ನೋಡಿಕೊಳ್ಳುತ್ತಿದ್ದವರು ಅದೇ ಶಿಬಿರದ ಒಬ್ಬ ಹಿರಿಯರು. ತಮ್ಮ ಊರಿನಲ್ಲಿ 20 ವರ್ಷ ಪಂಪ್ ನಡೆಸಿದ್ದರಂತೆ. ಯಾವ ಕಾಗದವೂ ಅವರ ಹತ್ತಿರ ಇರಲಿಲ್ಲ, ಓಡಿಬರುವಾಗ ಎಲ್ಲ ಸುಟ್ಟುಹೋಗಿತ್ತು. ಒಂದು ದಿನ ದುಭಾಷಿಯ ಮೂಲಕ ಹೇಳಿಸಿದರು, ಸಂಜೆ ತಮ್ಮ ಡೇರೆಗೆ ಬರಬೇಕು, ಆ ಕೊಳವೆ ಜೊತೆಗಿರಲಿ ಅಂತ. ಹೋದೆ. ಬೆಳಿಗ್ಗೆ ನನ್ನ ಕಣ್ಣೆದುರೇ ತುಂಬಿಸಿಕೊಂಡು ಹೋಗಿದ್ದ ಡಬ್ಬದಿಂದ ನೀರು ಬಗ್ಗಿಸಿ ಕೊಟ್ಟರು. ಮಾತ್ರೆ ಹಾಕಿದೆ. ನೀರು ಬಣ್ಣ ತಿರುಗಲೇ ಇಲ್ಲ. ಪಕ್ಕದ ಡೇರೆ, ಅದರ ಪಕ್ಕದ್ದು, ಎಲ್ಲ ಕಡೆಯೂ ಹಾಗೇ. ಬಿಸಿಲು, ಬಾಯಿ ತೆರೆದ ಬಕೆಟ್, ಒಳಗೆ ಕಟ್ಟಿದ ಪಾಚಿ, ಲೋಟ ಅದ್ದುವ ಪುಟ್ಟ ಕೈಗಳು. ನಲ್ಲಿಯಲ್ಲಿ ಇದ್ದ ಕ್ಲೋರಿನ್ ಸಂಜೆಯ ಹೊತ್ತಿಗೆ ಪೂರ್ತಿ ಕಳೆದುಹೋಗಿತ್ತು.

ಜನ ನೀರು ಕುಡಿಯುವುದು ಬಕೆಟ್‌ನಿಂದ. ನಾನು ಅಳೆಯುತ್ತಿದ್ದದ್ದು ನಲ್ಲಿಯಲ್ಲಿ.

ಮಾರನೇ ದಿನದಿಂದ ಕೆಲಸದ ರೀತಿ ಬದಲಾಯಿತು. ಡಬ್ಬ ತೊಳೆಸುವುದು, ಬಾಯಿ ಕಿರಿದಾದ ಕ್ಯಾನ್ ತರಿಸುವುದು, ಸಂಜೆ ಡೇರೆಯೊಳಗೆ ಹೋಗಿ ಅಳೆಯುವುದು, ಅದನ್ನು ನೋಡಿ ಟ್ಯಾಂಕಿನಲ್ಲಿ ಎಷ್ಟು ಹಾಕಬೇಕು ಅಂತ ತೀರ್ಮಾನಿಸುವುದು. ಈಗ ಇದರ ಮೇಲೆ ನಿರಾಶ್ರಿತರ ಶಿಬಿರಗಳಲ್ಲಿ ಒಳ್ಳೆಯ ಸಂಶೋಧನೆ ನಡೆದಿದೆ. ಬಿಸಿಲಿನ ನಾಡಿಗೂ ತಂಪು ನಾಡಿಗೂ ಒಂದೇ ಅಂಕಿ ಸಾಲದು ಅಂತ ತೋರಿಸಿದ್ದಾರೆ. ಆದರೆ ನನಗೆ ಮೊದಲು ಕಲಿಸಿದ್ದು ಆ ಹಿರಿಯರು. ಅವರ ಸಂಬಳ ನನ್ನದರ ಸಣ್ಣ ಪಾಲು ಮಾತ್ರ ಇತ್ತು. ಇದನ್ನು ಬರೆಯುವಾಗಲೂ ನಾಚಿಕೆ ಆಗುತ್ತದೆ.

ಅರ್ಹತೆ ಅನ್ನುವ ಮಾತನ್ನು ನಾನು ಅವತ್ತಿನಿಂದ ಬೇರೆ ರೀತಿ ಕೇಳಿಸಿಕೊಳ್ಳುತ್ತೇನೆ. ಕೆಲಸದ ಜಾಹೀರಾತಿನಲ್ಲಿ ಅರ್ಹತೆ ಅಂದರೆ ಡಿಗ್ರಿ, ವರ್ಷ, ಭಾಷೆ. ಆದರೆ ಮಾತಿನಲ್ಲಿ “ಅವರು ಅದಕ್ಕೆ ಅರ್ಹರು” ಅಂದಾಗ ಆ ಮಾತಿನಲ್ಲಿ ಗೌರವ ಇರುತ್ತದೆ. ನೆರವು ಪಡೆಯುವವರು ಏನಕ್ಕೆ ಅರ್ಹರು ಅಂತ ಮೊದಲು ಕೇಳಿಕೊಂಡರೆ, ಕೊಡಲು ಹೋಗುವವರಿಗೆ ಏನು ಅರ್ಹತೆ ಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ. ಕಾಲರಾ ಬಂದ ಮಗು ಕಾಲರಾ ಬಲ್ಲ ನರ್ಸಿಗೆ ಅರ್ಹ. ಅದಕ್ಕಿಂತ ಕಡಿಮೆ ಯಾಕೆ ಸಿಗಬೇಕು ಅದಕ್ಕೆ?

ಈಗ ಕೋರ್ಸಿನ ಮಾತಿಗೆ ಬರುತ್ತೇನೆ. ಅವಳು ಕೇಳಿದ್ದು ಅದನ್ನೇ ತಾನೆ.

ಡಾಕ್ಟರಿಗೆ, ವಕೀಲರಿಗೆ ಇರುವ ಹಾಗೆ ನೆರವಿನ ಕೆಲಸಕ್ಕೆ ಜಗತ್ತಿಗೆಲ್ಲ ಒಂದೇ ಪರವಾನಗಿ ಇಲ್ಲ. ಅದಕ್ಕೇ ಗೊಂದಲ ಜಾಸ್ತಿ. ಕೋರ್ಸುಗಳೇನೋ ಬೇಕಾದಷ್ಟಿವೆ. ಯುರೋಪಿನ ವಿಶ್ವವಿದ್ಯಾಲಯಗಳು ಸೇರಿ 1993ರಿಂದ ನಡೆಸುತ್ತಿರುವ ನೋಹಾ ಅನ್ನುವ ಸ್ನಾತಕೋತ್ತರ ಪದವಿ ಇದೆ. ಜಿನೀವಾದಲ್ಲಿ ಮಾನವೀಯ ನೆರವಿನ ಅಧ್ಯಯನಕ್ಕೇ ಒಂದು ಕೇಂದ್ರ ಇದೆ. ಫ್ರಾನ್ಸಿನ ಲಿಯೋನ್ ಹತ್ತಿರ ಬಯೋಫೋರ್ಸ್ ಇದೆ, ಅಲ್ಲಿ ಲಾಜಿಸ್ಟಿಕ್ಸ್ (ಸಾಮಾನು ತರಿಸಿ ತಲುಪಿಸುವುದು), ನೀರು, ಲೆಕ್ಕಪತ್ರ ಇಂಥ ಕೈಕೆಲಸದ ಕಡೆ ಒತ್ತು. ಡಾಕ್ಟರು, ನರ್ಸುಗಳು ಲಿವರ್‌ಪೂಲ್, ಲಂಡನ್, ಆಂಟ್‌ವರ್ಪ್‌ಗಳಲ್ಲಿ ಉಷ್ಣವಲಯದ ರೋಗಗಳ ಡಿಪ್ಲೊಮಾ ಮಾಡುತ್ತಾರೆ. ಕಾಯಾ, ಡಿಸಾಸ್ಟರ್‌ರೆಡಿ ಅನ್ನುವ ತಾಣಗಳಲ್ಲಿ ಉಚಿತವಾಗಿ ಕಲಿಯಬಹುದು. ವಿಶ್ವಸಂಸ್ಥೆಯ ಬಿಸೇಫ್ ಅನ್ನುವ ಸುರಕ್ಷತಾ ಪಾಠವೂ ಉಚಿತ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೈಯಲ್ಲಿ ಒಂದು ಕಸುಬು ಇಲ್ಲದೆ ಬರೀ ನೆರವಿನ ಮೇಲೆ ಸ್ನಾತಕೋತ್ತರ ಮಾಡಲು ಸಾಲ ಮಾಡಬೇಡಿ. ಮೊದಲು ಕಸುಬು. ಆಮೇಲೆ ಅದನ್ನು ಕನಿಷ್ಠ 2 ವರ್ಷ ಸಾಧಾರಣ ಜಾಗದಲ್ಲಿ ಮಾಡಿ. ಎಷ್ಟೋ ಸಂಸ್ಥೆಗಳು ಅಷ್ಟು ಅನುಭವ ಕೇಳಿಯೇ ಕೇಳುತ್ತವೆ. ಕರೆಂಟಿದ್ದಾಗ, ಸಾಮಾನು ಸಿಗುವಾಗ, ಮೇಲಿನವರು ಪಕ್ಕದಲ್ಲೇ ಇದ್ದಾಗ ಮಾಡಲು ಬಾರದ ಕೆಲಸ ಅವೆಲ್ಲ ಇಲ್ಲದ ಕಡೆ ಬರುವುದಿಲ್ಲ. ಮೂರನೆಯದು ಭಾಷೆ. ಇಂಗ್ಲಿಷ್ ಒಂದೇ ಸಾಲದು. ಕಾಂಗೋ, ಚಾಡ್, ಮಧ್ಯ ಆಫ್ರಿಕಾ ಗಣರಾಜ್ಯ, ಮಾಲಿ, ಹೈಟಿ ಇಲ್ಲೆಲ್ಲ ಫ್ರೆಂಚ್ ಬಂದರೆ ನಿಮ್ಮ ಅರ್ಜಿಗೆ ಬೆಲೆ. ಅರಬ್ಬಿ ಬಂದರೆ ಇನ್ನೂ ಒಳ್ಳೆಯದು. ಅನುಭವ ಆದ ಮೇಲೆ ಓದಲು ಹೋದರೆ ಪಾಠದ ಒಂದೊಂದು ಸಾಲಿಗೂ ನಿಮ್ಮ ತಲೆಯಲ್ಲಿ ಒಂದು ಮುಖ ಇರುತ್ತದೆ. ಆಗ ಆ ಓದು ನಿಜವಾಗಿ ಒಳಗೆ ಇಳಿಯುತ್ತದೆ.

ಕಸುಬು ಅಂದರೆ ಡಾಕ್ಟರು, ಎಂಜಿನಿಯರು ಇಷ್ಟೇ ಅಲ್ಲ. ಲೆಕ್ಕಿಗರು ಇಲ್ಲದಿದ್ದರೆ ಒಂದು ದಿನ ಕೂಡ ಶಿಬಿರ ನಡೆಯುವುದಿಲ್ಲ. ನೆಲಬಾಂಬ್ ತೆಗೆಯುವವರಿಗೆ ಹಂತ ಹಂತವಾದ ತರಬೇತಿ, ಅಂತರರಾಷ್ಟ್ರೀಯ ನಿಯಮಗಳಿವೆ. ಶವಗಳ ಗುರುತು ಹಿಡಿಯುವ ತಜ್ಞರಿದ್ದಾರೆ. ಕಳೆದುಹೋದವರನ್ನು ಹುಡುಕಿ ಮನೆಯವರಿಗೆ ಸುದ್ದಿ ಮುಟ್ಟಿಸುವುದೇ ಕೆಲವರ ಕೆಲಸ. ಮೊದಲ ಮಹಾಯುದ್ಧ ಶುರುವಾದಾಗ ಜಿನೀವಾದಲ್ಲಿ ರೆಡ್‌ಕ್ರಾಸಿನವರು ಸೆರೆ ಸಿಕ್ಕ ಸೈನಿಕರ ಹೆಸರು ಬರೆದ ಕಾರ್ಡುಗಳನ್ನು ಲಕ್ಷ ಲಕ್ಷ ಜೋಡಿಸಿಟ್ಟರು. ಮಗ ಬದುಕಿದ್ದಾನಾ ಅಂತ ಕೇಳುವ ತಾಯಿಗೆ ಉತ್ತರ ಕೊಡಲು ಬೇಕಾದದ್ದು ಅಚ್ಚುಕಟ್ಟಾಗಿ ಬರೆದಿಟ್ಟ ಒಂದು ಕಾರ್ಡ್.

ಒಂದು ಕಸುಬಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಇದನ್ನು ಯಾರೂ ನಿರೀಕ್ಷಿಸುವುದಿಲ್ಲ, ಅಲ್ವಾ, ಮಾನವಶಾಸ್ತ್ರ, ಅಂದರೆ ಜನರ ನಡೆನುಡಿ, ಪದ್ಧತಿಗಳ ಬಗ್ಗೆ ಓದಿದವರು ಇಲ್ಲಿ ಬೇಕು ಅಂತ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿತು. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ 28,000ಕ್ಕೂ ಹೆಚ್ಚು ಜನರಿಗೆ ರೋಗ ಬಂತು, 11,000ಕ್ಕೂ ಹೆಚ್ಚು ಜನ ಸತ್ತರು. ಸತ್ತವರ ಮೈಯಿಂದ ರೋಗ ಹರಡುತ್ತದೆ. ಹೆಣ ತೊಳೆದು, ಮುಟ್ಟಿ ಕಳಿಸುವುದು ಅಲ್ಲಿನ ಪದ್ಧತಿ. ಅದಕ್ಕೆ ಬಿಳಿ ಉಡುಪಿನವರು ಬಂದು ಹೆಣ ಒಯ್ದುಬಿಡುತ್ತಿದ್ದರು. ವೈದ್ಯಕೀಯವಾಗಿ ಸರಿ. ಆದರೆ ಮನೆಯವರಿಗೆ ತಮ್ಮವರ ಮುಖ ಕೊನೆಯ ಸಲ ನೋಡಲೂ ಆಗುತ್ತಿರಲಿಲ್ಲ. ಜನ ರೋಗಿಗಳನ್ನು ಬಚ್ಚಿಡಲು ಶುರು ಮಾಡಿದರು, ರಾತ್ರಿ ಗುಟ್ಟಾಗಿ ಹೂಳಿದರು. ರೋಗ ಇನ್ನೂ ಹಬ್ಬಿತು. ಆಗ ಮಾನವಶಾಸ್ತ್ರಜ್ಞರು ಊರಿನ ಹಿರಿಯರ ಜೊತೆ, ಧಾರ್ಮಿಕ ಮುಖಂಡರ ಜೊತೆ ಕೂತು ಕೇಳಿದರು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇ ಆಗದು? ಮುಟ್ಟದೆಯೂ ಪ್ರಾರ್ಥನೆ ಮಾಡಬಹುದು. ದೂರದಿಂದ ನೋಡಬಹುದು. ಚೀಲದೊಳಗೆ ಒಂದು ಬಟ್ಟೆ ಇಡಬಹುದು. ಸಮಾಧಿಗೆ ಹೆಸರು ಬರೆಯಬಹುದು. 2014ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತವೂ ಗೌರವದ್ದೂ ಆದ ಅಂತ್ಯಕ್ರಿಯೆಗೆ ಹೊಸ ಕ್ರಮ ಹೊರಡಿಸಿತು. ಕೇಳಿಸಿಕೊಳ್ಳುವುದು ಕೂಡ ಕಲಿತು ಮಾಡಬೇಕಾದ ಕೆಲಸ ಅಂತ ನನಗೆ ಅದರಿಂದ ಗೊತ್ತಾಯಿತು.

ಅರ್ಹತೆ ನೋಡದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಹೈಟಿ ಇದೆ. 2010ರ ಜನವರಿ 12ರ ಭೂಕಂಪದ ನಂತರ ನೂರಾರು ವೈದ್ಯ ತಂಡಗಳು ತಾವಾಗಿಯೇ ಬಂದಿಳಿದವು. ಎಷ್ಟೋ ಜನ ಅದ್ಭುತವಾಗಿ ಕೆಲಸ ಮಾಡಿದರು. ಆದರೆ ಯಾರಿಗೆ ಯಾವ ಆಪರೇಷನ್ ಆಯಿತು ಅಂತ ಬರೆದಿಡದೆ, ಮುಂದೆ ಯಾರು ನೋಡಿಕೊಳ್ಳುತ್ತಾರೆ ಅಂತ ಯೋಚಿಸದೆ ಹೋದವರೂ ಇದ್ದರು. ಕಾಲು ಕಳೆದುಕೊಂಡವರಿಗೆ ಆಮೇಲೆ ಹೊಲಿಗೆ ಬಿಚ್ಚುವವರಿಲ್ಲ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ತಂಡಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿತು. ಎರಡನೇ ದರ್ಜೆ ಅಂತ ಬರುವ ತಂಡ ದಿನಕ್ಕೆ 7 ದೊಡ್ಡ ಶಸ್ತ್ರಚಿಕಿತ್ಸೆ ಮಾಡಬಲ್ಲದಾಗಿರಬೇಕು, 20 ಹಾಸಿಗೆ ತಾನೇ ತರಬೇಕು. ಆ ಸಂಖ್ಯೆ ನೋಡಿದರೆ ನನಗೆ ಸಮಾಧಾನ. ಯಾರೋ ಗಾಯಾಳುವಿನ ಕಡೆಯಿಂದ ನಿಂತು ಲೆಕ್ಕ ಹಾಕಿದ್ದಾರೆ.

ಕಷ್ಟದ ಮಾತುಗಳನ್ನೂ ಹೇಳಿಬಿಡಬೇಕು. ಮುಚ್ಚಿಟ್ಟರೆ ಅಕ್ಕನಿಗೆ ಮುಖ ತೋರಿಸಲು ಆಗುವುದಿಲ್ಲ.

ಇದು ಜೀವಕ್ಕೆ ಅಪಾಯ ಇರುವ ಕೆಲಸ. ಆಗಸ್ಟ್ 19ನ್ನು ವಿಶ್ವ ಮಾನವೀಯ ನೆರವಿನ ದಿನ ಅಂತ ಆಚರಿಸುತ್ತಾರೆ. 2003ರಲ್ಲಿ ಅದೇ ದಿನ ಬಾಗ್ದಾದಿನ ವಿಶ್ವಸಂಸ್ಥೆ ಕಚೇರಿ ಮೇಲೆ ಬಾಂಬ್ ದಾಳಿ ಆಗಿ 22 ಜನ ಸತ್ತರು. ಇರಾಕಿನಲ್ಲಿ ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿಯಾಗಿದ್ದ ಸೆರ್ಜಿಯೊ ವಿಯೆರಾ ದೆ ಮೆಲ್ಲೊ ಅವರಲ್ಲೊಬ್ಬರು. 2024ರ ಒಂದೇ ವರ್ಷ 380ಕ್ಕೂ ಹೆಚ್ಚು ನೆರವು ಕಾರ್ಯಕರ್ತರು ಕೊಲೆಯಾದರು. ಸತ್ತವರಲ್ಲಿ ಬಹುಪಾಲು ಹೊರಗಿನಿಂದ ಹೋದವರಲ್ಲ, ಅದೇ ನೆಲದವರು. ನಮ್ಮ ಪಂಪ್ ನೋಡಿಕೊಳ್ಳುತ್ತಿದ್ದ ಹಿರಿಯರಂಥವರು.

ಈ ಮಾತು ಇಲ್ಲಿಗೇ ಬಿಡಲು ಮನಸ್ಸಾಗುತ್ತಿಲ್ಲ. ನೆರವಿನ ಕೆಲಸದಲ್ಲಿ ಇರುವವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಆಯಾ ದೇಶದವರೇ. ಗಡಿ ಮುಚ್ಚಿದರೂ, ವಿದೇಶಿಯರು ವಿಮಾನ ಹತ್ತಿದರೂ ಅವರು ಅಲ್ಲೇ ಇರುತ್ತಾರೆ. 2016ರಲ್ಲಿ ದೊಡ್ಡ ದಾನಿಗಳು, ಸಂಸ್ಥೆಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡರು. 2020ರ ಒಳಗೆ ನೆರವಿನ ಹಣದಲ್ಲಿ ಕಾಲು ಭಾಗ ಸ್ಥಳೀಯ ಸಂಸ್ಥೆಗಳಿಗೆ ಹೋಗಬೇಕು ಅಂತ. ಅದರ ಹತ್ತಿರಕ್ಕೂ ಹೋಗಲಿಲ್ಲ. ಆ ಹಿರಿಯರ 20 ವರ್ಷದ ಅನುಭವವನ್ನು ಗುರುತಿಸಿ ಬರೆದುಕೊಡುವ ಒಂದು ವ್ಯವಸ್ಥೆ ಆಗ ಇರಲಿಲ್ಲ. ಈಗ ಅನುಭವವನ್ನು ಗುರುತಿಸಿ ಡಿಜಿಟಲ್ ಬ್ಯಾಡ್ಜ್ ಕೊಡುವ ಪ್ರಯತ್ನಗಳು ಶುರುವಾಗಿವೆ. ಬೇಗ ಬೆಳೆಯಲಿ ಅಂತ ನನ್ನ ಆಸೆ.

ಕೆಲಸ ಸಿಗುವುದೂ ಈಗ ಕಷ್ಟವಾಗಿದೆ. ಅಮೆರಿಕ ಬಹಳ ಕಾಲ ಅತಿ ದೊಡ್ಡ ದಾನಿಯಾಗಿತ್ತು. 2025ರ ಜುಲೈ 1ಕ್ಕೆ ಬೇರೆ ದೇಶಗಳಿಗೆ ನೆರವು ಕೊಡುತ್ತಿದ್ದ ಅದರ ಯುಎಸ್‌ಏಡ್ ಸಂಸ್ಥೆ ಬಾಗಿಲು ಮುಚ್ಚಿತು. ಬೇರೆ ದೇಶಗಳೂ ಕೈ ಬಿಗಿ ಮಾಡಿವೆ. ಹತ್ತಿಪ್ಪತ್ತು ವರ್ಷ ಅನುಭವ ಇದ್ದವರೂ ಕೆಲಸ ಕಳೆದುಕೊಂಡಿದ್ದಾರೆ. ನನ್ನ ಜೊತೆ ಕೆಲಸ ಮಾಡಿದ ಇಬ್ಬರು ಹೋದ ವರ್ಷ ಮನೆಗೆ ವಾಪಸ್ ಬಂದರು. ಹಾಗೆ ಬಂದವರಿಗೆ ಕೈಹಿಡಿದದ್ದು ಮತ್ತೆ ಅವರ ಮೂಲ ಕಸುಬೇ. ಒಬ್ಬಳು ನರ್ಸ್, ಈಗ ಆಸ್ಪತ್ರೆಯಲ್ಲಿದ್ದಾಳೆ. ಇನ್ನೊಬ್ಬ ಎಲೆಕ್ಟ್ರೀಷಿಯನ್. ಇದೂ ಒಂದು ಕಾರಣ, ಮೊದಲು ಕಸುಬು ಅಂತ ನಾನು ಒತ್ತಿ ಹೇಳುವುದಕ್ಕೆ.

ಮನಸ್ಸಿನ ವಿಷಯ. ಹಿಂದಿರುಗಿ ಬಂದ ಮೇಲೆ ನನಗೆ ತಿಂಗಳುಗಟ್ಟಲೆ ನಲ್ಲಿ ತಿರುಗಿಸಿ ನೀರು ಬಿಡುವುದೇ ಆಗುತ್ತಿರಲಿಲ್ಲ, ಕೈ ತಡೆಯುತ್ತಿತ್ತು. ಮನೆಯವರಿಗೆ ಹೇಗೆ ಹೇಳುವುದು ಅಂತ ಗೊತ್ತಾಗುತ್ತಿರಲಿಲ್ಲ. ಸಹಾಯ ಕೇಳಿದೆ, ಸಿಕ್ಕಿತು. ಹೋಗುವ ಮೊದಲೇ ಸಂಸ್ಥೆಯನ್ನು ಕೇಳಿ, ವಾಪಸ್ ಬಂದ ಮೇಲೆ ಯಾರ ಜೊತೆ ಮಾತಾಡಬಹುದು ಅಂತ. ಕೇಳಲು ಸಂಕೋಚ ಬೇಡ.

ಇಷ್ಟನ್ನು ಬರೆದು ಮೊದಲು ಅಕ್ಕನ ಮಗಳಿಗೇ ಕಳಿಸಿದೆ. ಎರಡು ದಿನ ಉತ್ತರ ಬರಲಿಲ್ಲ. ಹೆದರಿಸಿಬಿಟ್ಟೆನಾ ಅನಿಸಿತು. ಮೂರನೇ ದಿನ ರಾತ್ರಿ ಮೆಸೇಜ್ ಬಂತು. ಕೋರ್ಸಿನ ಬಗ್ಗೆ ಒಂದು ಮಾತೂ ಇರಲಿಲ್ಲ.

“ಚಿಕ್ಕಮ್ಮ, ಫ್ರಿಜ್ ಇಲ್ಲದ ಶಿಬಿರದಲ್ಲಿ ಸಕ್ಕರೆ ಕಾಯಿಲೆ ಇರೋರು ಇನ್ಸುಲಿನ್ ಹೇಗೆ ಇಟ್ಕೊಳ್ತಾರೆ?”

ನಾನು ನೀರಿನವಳು, ಇದು ನನ್ನ ಕಸುಬಲ್ಲ. ಆದರೆ ಒಂದು ಅಧ್ಯಯನದ ಬಗ್ಗೆ ಓದಿದ್ದು ನೆನಪಿತ್ತು. ಕೀನ್ಯಾದ ದಾದಾಬ್‌ನಲ್ಲಿ ದಗಹಾಲೆ ಅಂತ ನಿರಾಶ್ರಿತರ ಶಿಬಿರ ಇದೆ. ಇನ್ಸುಲಿನ್ ತಂಪಿನಲ್ಲೇ ಇರಬೇಕು ಅಂತ ನಿಯಮ ಇದ್ದದ್ದರಿಂದ ರೋಗಿಗಳು ಪ್ರತಿ ಚುಚ್ಚುಮದ್ದಿಗೂ ಆಸ್ಪತ್ರೆಗೆ ನಡೆದು ಬರಬೇಕಿತ್ತು. ಗಡಿಯಿಲ್ಲದ ವೈದ್ಯರು ಸಂಸ್ಥೆ ಅಲ್ಲಿನ ಮನೆಯೊಳಗಿನ ಬಿಸಿ ಅಳೆಯಿತು. ಹಗಲು ರಾತ್ರಿ ಸೇರಿ 25ರಿಂದ 37 ಡಿಗ್ರಿ. ಜಿನೀವಾ ವಿಶ್ವವಿದ್ಯಾಲಯದವರು ಪ್ರಯೋಗಾಲಯದಲ್ಲಿ ಅದೇ ಏರಿಳಿತದಲ್ಲಿ ಇನ್ಸುಲಿನ್ ಇಟ್ಟು ನೋಡಿದರು. 4 ವಾರ ಆದರೂ ಅದರ ಶಕ್ತಿ ಕೆಟ್ಟಿರಲಿಲ್ಲ. 2021ರಲ್ಲಿ ಪ್ರಕಟವಾಯಿತು. ಬಿಸಿ ಅಳೆದು ನೋಡಿ, ಜನ ಮನೆಯಲ್ಲೇ ಇಟ್ಟುಕೊಳ್ಳುವ ದಾರಿ ಅದರಿಂದ ತೆರೆಯಿತು. ಇಷ್ಟನ್ನು ಟೈಪ್ ಮಾಡಿ ಕಳಿಸಿದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದರ ಹಿಂದೆ ಒಂದು ಬಂದವು.

“ಮನೆಯೊಳಗೆ ಥರ್ಮಾಮೀಟರ್ ಎಲ್ಲಿ ಇಟ್ಟಿದ್ರು?”

“ದಿನಕ್ಕೆ ಎಷ್ಟು ಸಲ ನೋಡಿದ್ರು?”

“40 ಡಿಗ್ರಿ ದಾಟೋ ಶಿಬಿರಗಳಲ್ಲಿ ಏನ್ಮಾಡ್ತಾರೆ ಚಿಕ್ಕಮ್ಮ?”